ಒಂದು ವರ್ಷ ರಜೆ ಹಾಕಿ ಲೋಕ ಸುತ್ತೋಕೆ ಹೊರಟವನು

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಊರಿಂದ ಫೋನ್ ಬಂತು. ನಮ್ಮ ಚಿಕ್ಕಪ್ಪ. ಸಾಮಾನ್ಯವಾಗಿ ಅವರು ಫೋನ್ ಮಾಡೋದು ಎರಡೇ ಕಾರಣಕ್ಕೆ. ಒಂದು, ಊರಲ್ಲಿ ಯಾರಾದರೂ ಹೋಗಿಬಿಟ್ಟಿರಬೇಕು. ಇಲ್ಲ, ನಾನು ಹಿಂದಿನ ರಾತ್ರಿ ಟಿವಿಯಲ್ಲಿ ಅವರ ಪಕ್ಷದ ಬಗ್ಗೆ ಏನಾದರೂ ಅಂದಿರಬೇಕು. ಈ ಸಲ ಎರಡೂ ಅಲ್ಲ.

"ನೋಡ್ಲಾ ಮಗಾ, ದಿನಾ ರಾತ್ರಿ ಕುಂತ್ಕಂಡು ಮುಖ್ಯಮಂತ್ರಿಗೆ, ಪ್ರಧಾನಮಂತ್ರಿಗೆಲ್ಲ ಬುದ್ಧಿ ಯೋಳ್ತೀಯಲ್ಲ, ನಿನ್ ತಮ್ಮಂಗೂ ಒಸಿ ಬುದ್ಧಿ ಯೋಳು ಬಾ. ಕೆಲ್ಸ ಬುಟ್ಟು ದೇಶ ಸುತ್ತಕ್ಕೆ ಒಂಟವ್ನೆ."

ತಮ್ಮ ಅಂದರೆ ಚಿಕ್ಕಪ್ಪನ ಮಗ. ಇಪ್ಪತ್ತೇಳು ವರ್ಷ. ನನ್ನ ಹಾಗೇ ಎಂಜಿನಿಯರಿಂಗ್ ಓದಿದವನು. ವ್ಯತ್ಯಾಸ ಏನಪ್ಪಾ ಅಂದ್ರೆ, ನಾನು ಎಂಜಿನಿಯರಿಂಗ್ ಓದಿ ಟಿವಿಗೆ ಬಂದೆ, ಅವನು ಎಂಜಿನಿಯರಿಂಗ್ ಓದಿ ಎಂಜಿನಿಯರೇ ಆದ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ನಾಲ್ಕು ವರ್ಷ ಚಿಲ್ಲರೆ ಸರ್ವಿಸ್. ಈಗ ಅದಕ್ಕೆ ರಾಜೀನಾಮೆ ಕೊಟ್ಟು ಒಂದು ವರ್ಷ ಪ್ರಪಂಚ ಸುತ್ತಿ ಬರ್ತೀನಿ ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದಾನೆ.

ಊರು ಹೊಣಕೆರೆ ಹೋಬಳಿ. ನಾಗಮಂಗಲ ತಾಲ್ಲೂಕು. ನಿಮಗೆ ಮಂಡ್ಯ ಜಿಲ್ಲೆ ಅಂದ ತಕ್ಷಣ ಕಬ್ಬು, ಭತ್ತ, ನಾಲೆ ನೆನಪಾಗುತ್ತೆ. ಕೆಆರ್‌ಎಸ್ ನೀರು ಹರಿಯೋ ಮಂಡ್ಯವೇ ಬೇರೆ, ನಮ್ಮ ನಾಗಮಂಗಲವೇ ಬೇರೆ. ನಮ್ಮದು ರಾಗಿ, ಹುರುಳಿ, ತೆಂಗು. ಮಳೆ ಬಂದರೆ ಬೆಳೆ. ಬರದಿದ್ದರೆ ಬಸ್ಸು. ಬೆಂಗಳೂರಿಗೋ, ಬಾಂಬೆಗೋ.

ಆ ಭಾನುವಾರವೇ ಹೊರಟೆ. ಬೆಳ್ಳೂರು ಕ್ರಾಸ್‌ನಲ್ಲಿ ಹೆದ್ದಾರಿ ಬಿಟ್ಟು ನಾಗಮಂಗಲದ ಕಡೆ ತಿರುಗಿದಾಗ ನನ್ನ ತಲೆಯಲ್ಲಿ ಭಾಷಣ ರೆಡಿ ಇತ್ತು. "ನೋಡಪ್ಪಾ, ಕೆಲಸ ಸಿಗೋದು ಕಷ್ಟ, ಮಾರುಕಟ್ಟೆ ಸರಿ ಇಲ್ಲ, ಅಪ್ಪ ಅಮ್ಮನ ಬಗ್ಗೆ ಯೋಚನೆ ಮಾಡು." ಟಿವಿಯಲ್ಲಿ ದಿನಾ ಮಾಡೋ ಕೆಲಸವೇ ಅಲ್ವಾ. ಆದರೆ ಆವತ್ತು ಆ ಮನೆಯ ಜಗಲಿಯಲ್ಲಿ ಕೂತು ಎದ್ದು ಬರುವಾಗ ನನ್ನ ಭಾಷಣ ನನಗೇ ನೆನಪಿರಲಿಲ್ಲ. ಯಾಕೆ ಅಂತ ಇವತ್ತು ನಿಮಗೆ ಹೇಳಬೇಕು.

ಮೊದಲು ಹುಡುಗನ ಕಡೆ ಕೇಳೋಣ. ಅವನು ಕಾಗದ ಪೆನ್ನು ಹಿಡಿದುಕೊಂಡೇ ಕೂತಿದ್ದ. "ಅಣ್ಣಾ, ದಿನಕ್ಕೆ 2,500 ರೂಪಾಯಿ. ಊಟ, ವಸತಿ, ಬಸ್ಸು ಎಲ್ಲ ಸೇರಿ. 365 ದಿನಕ್ಕೆ 9,12,500. ಹತ್ತಿರದ ದೇಶಗಳಿಂದ ಶುರು ಮಾಡ್ತೀನಿ. ವಿಮಾನ ಕಡಿಮೆ, ಬಸ್ಸು ರೈಲು ಜಾಸ್ತಿ. ನನ್ನ ಹತ್ರ 11 ಲಕ್ಷ ಇದೆ."

"ವಾಪಸ್ ಬಂದ ಮೇಲೆ?"

"ಇನ್ನೊಂದು ಕೆಲಸ."

"ಸಿಗದಿದ್ರೆ?"

ಸುಮ್ಮನಾದ. ಆಮೇಲೆ ನಮ್ಮ ಹುಡುಗರೆಲ್ಲ ಹೇಳೋ ಮಾತನ್ನೇ ಹೇಳಿದ. "ಡಾ. ಬ್ರೋ ಹೋಗಿಲ್ವಾ ಅಣ್ಣಾ?"

ನೋಡಿ, ಡಾ. ಬ್ರೋ ಬಗ್ಗೆ ನನಗೆ ಬಹಳ ಗೌರವ ಇದೆ. ಗಗನ್ ಅನ್ನೋ ಬೆಂಗಳೂರು ಗ್ರಾಮಾಂತರದ ಒಬ್ಬ ಹುಡುಗ ಕೈಯಲ್ಲಿ ಕ್ಯಾಮೆರಾ ಹಿಡಿದು ಅಫ್ಘಾನಿಸ್ತಾನದ ಬೀದಿಯಲ್ಲಿ ನಿಂತು "ನಮಸ್ಕಾರ ದೇವ್ರು" ಅಂದಾಗ, ಹಳ್ಳಿಯ ಅಜ್ಜಿಯಂದಿರೂ ಮೊಬೈಲ್ ಹತ್ತಿರ ಬಂದು ಕೂತರು. ಆದರೆ ಒಂದು ವಿಷಯ ಮರೀಬೇಡಿ. ಅವರು ಕೆಲಸಕ್ಕೆ ರಜೆ ಹಾಕಿ ಹೋದವರಲ್ಲ. ಅವರಿಗೆ ತಿರುಗಾಟವೇ ಕೆಲಸ. ನೀವು ಹೋಗೋದು ಜೇಬಿಂದ ಖಾಲಿ ಮಾಡೋಕೆ, ಅವರು ಹೋಗೋದು ದುಡಿಯೋಕೆ. ಈ ಎರಡಕ್ಕೂ ಬೇರೆ ಬೇರೆ ಲೆಕ್ಕ. ಇದನ್ನ ಹೇಳಿದೆ. ಹುಡುಗ ಒಪ್ಪಲಿಲ್ಲ, ಆದರೆ ಕಾಗದ ಮಡಚಿ ಜೇಬಿಗಿಟ್ಟ.

ಈಗ ಚಿಕ್ಕಪ್ಪನ ಕಡೆ. ಅವರು 19 ವರ್ಷ ಬಾಂಬೆಯಲ್ಲಿದ್ದರು. ಸಾಂತಾಕ್ರೂಜ್‌ನಲ್ಲಿ ಮೊದಲು ಕ್ಯಾಂಟೀನು, ಆಮೇಲೆ ಆಟೋ. 2020ರ ಮೇ ತಿಂಗಳು ನಿಮಗೆ ನೆನಪಿರಬೇಕು. ದಿನಾ ಸಂಜೆ ಆರೋಗ್ಯ ಇಲಾಖೆಯ ಪಟ್ಟಿ ಬರ್ತಾ ಇತ್ತು. ಮಂಡ್ಯ ಅಂತ ಬಂದಾಗೆಲ್ಲ ಪಕ್ಕದಲ್ಲಿ "ಮುಂಬೈನಿಂದ ಬಂದವರು" ಅಂತ ಇರ್ತಾ ಇತ್ತು. ಕೆ.ಆರ್. ಪೇಟೆ, ನಾಗಮಂಗಲದ ಎಷ್ಟು ಜನ ಬಾಂಬೆಯಲ್ಲಿ ಬೆವರು ಸುರಿಸ್ತಾ ಇದ್ದಾರೆ ಅನ್ನೋದು ರಾಜ್ಯಕ್ಕೆ ಗೊತ್ತಾಗಿದ್ದೇ ಆಗ. ನಾನೇ ಸ್ಟುಡಿಯೋದಲ್ಲಿ ಕೂತು ಆ ಸಂಖ್ಯೆ ಓದಿದ್ದೇನೆ. ಆ ಸಂಖ್ಯೆಯೊಳಗೆ ಎಲ್ಲೋ ಒಂದು ಕಡೆ ನಮ್ಮ ಚಿಕ್ಕಪ್ಪ ಕ್ವಾರಂಟೈನ್ ಕೇಂದ್ರದಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದರು. ವಾಪಸ್ ಹೋಗಲಿಲ್ಲ. ಮಗನ ಎಂಜಿನಿಯರಿಂಗ್ ಮುಗಿದಿತ್ತು, ಸಾಕು ಅಂದರು.

ನಾನು ಸ್ವಲ್ಪ ತಮಾಷೆಯಾಗಿ ಕೇಳಿದೆ, "ಚಿಕ್ಕಪ್ಪಾ, ನೀವು ಬಾಂಬೆ ಎಲ್ಲ ನೋಡಿಲ್ವಾ? ಅವನೂ ಒಂದಷ್ಟು ಊರು ನೋಡಲಿ ಬಿಡಿ."

ಅವರು ಅಂದ ಮಾತು ಇದು: "ನಾನು ಬಾಂಬೆ ನೋಡ್ದೋನಲ್ಲ ಕಣ್ಲಾ. ಬಾಂಬೆಲಿ ಇದ್ದೋನು."

ಒಂದು ನಿಮಿಷ ನನಗೆ ಮಾತು ಬರಲಿಲ್ಲ. ನಮ್ಮಲ್ಲಿ ಊರು ಬಿಡೋದು ಅಂದರೆ ಇದೇ ಆಗಿತ್ತು. ಹೊಟ್ಟೆಪಾಡಿಗೆ ಹೋಗೋದು, ಹಬ್ಬಕ್ಕೆ ಬರೋದು. ಖುಷಿಗೆ ಅಂತ ಊರು ಬಿಟ್ಟವರನ್ನ ಆ ತಲೆಮಾರು ನೋಡಿಲ್ಲ. ಅದಕ್ಕೇ ಮಗ "ಸುತ್ತೋಕೆ ಹೋಗ್ತೀನಿ" ಅಂದಾಗ ಚಿಕ್ಕಪ್ಪನ ಕಿವಿಗೆ ಅದು "ಕೆಲಸ ಹೋಯ್ತು" ಅಂತ ಕೇಳಿಸಿದೆ. ಊರಲ್ಲೂ ಅದೇ ಸುದ್ದಿ. "ಕಂಪನಿಯೋರು ತೆಗೆದು ಆಕವ್ರಂತೆ, ಹೇಳ್ಕಳಕ್ಕೆ ನಾಚಿಕೆಯಾಗಿ ಫಾರಿನ್ನು ಅಂತಾವ್ನೆ" ಅಂತ.

ವಿದೇಶಗಳಲ್ಲಿ ಇದಕ್ಕೆ ಸಬ್ಬಾಟಿಕಲ್ ಅಂತ ಹೆಸರಿದೆ ಅಂತ ಹೇಳಿದೆ. 1880ರಲ್ಲೇ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ತನ್ನ ಪ್ರಾಧ್ಯಾಪಕರಿಗೆ ಏಳು ವರ್ಷಕ್ಕೊಮ್ಮೆ ಇಂಥ ರಜೆ ಕೊಡೋ ಪದ್ಧತಿ ಶುರು ಮಾಡಿತು. ಆ ಪದದ ಬೇರು ಇನ್ನೂ ಹಳೆಯದು. ಯಹೂದಿಗಳ ಧರ್ಮಗ್ರಂಥದಲ್ಲಿ ಒಂದು ನಿಯಮ ಇದೆ. ಆರು ವರ್ಷ ಹೊಲ ಉಳಬೇಕು, ಏಳನೇ ವರ್ಷ ಬೀಳು ಬಿಡಬೇಕು. ಭೂಮಿಗೂ ವಿಶ್ರಾಂತಿ ಬೇಕು ಅಂತ.

ಇದು ಚಿಕ್ಕಪ್ಪನಿಗೆ ತಟ್ಟನೆ ಅರ್ಥ ಆಯ್ತು. ರೈತನಲ್ವಾ. "ಸರಿ ಕಣಪ್ಪ, ಬೀಳು ಬುಡಾದು ನಂಗೂ ಗೊತ್ತು" ಅಂದರು. ನಾನು ಗೆದ್ದೆ ಅಂದುಕೊಂಡೆ. ಆಗ ಇನ್ನೊಂದು ಮಾತು ಬಂತು. "ಆದ್ರೆ ಒಂದು ಹೊಲ ಬೀಳು ಬುಡ್ಬೇಕು ಅಂದ್ರೆ ಉಣ್ಣಕ್ಕೆ ಇನ್ನೊಂದು ಹೊಲ ಇರ್ಬೇಕಲ್ಲಪ್ಪಾ?"

ವೀಕ್ಷಕರೇ, ಈ ವಿಷಯದ ಬಗ್ಗೆ ನಾನು ಓದಿದ ಯಾವ ಲೇಖನದಲ್ಲೂ ಇಷ್ಟು ನೇರವಾಗಿ ಯಾರೂ ಕೇಳಿಲ್ಲ. ಕೆಲಸ ಬಿಡಿ, ಕನಸಿನ ಹಿಂದೆ ಹೋಗಿ, ಬದುಕು ಒಂದೇ ಸಲ ಅಂತ ಎಲ್ಲರೂ ಬರೀತಾರೆ. ಉಣ್ಣೋಕೆ ಇನ್ನೊಂದು ಹೊಲ ಇದೆಯಾ ಅಂತ ಯಾರೂ ಕೇಳಲ್ಲ.

ಹಾಗಾಗಿ ಆ ಇನ್ನೊಂದು ಹೊಲದ ಲೆಕ್ಕ ಹಾಕೋಣ ಅಂತ ಕೂತೆವು. ಎಂಜಿನಿಯರುಗಳಿಬ್ಬರೂ ಇದ್ದೆವಲ್ಲ. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಹೊರಟಿದ್ದರೆ ಗಮನವಿಟ್ಟು ಕೇಳಿಸಿಕೊಳ್ಳಿ.

ಒಂದು, ಆರೋಗ್ಯ ವಿಮೆ. ಅವನ ಕಂಪನಿ ಕೊಟ್ಟಿರೋ ವಿಮೆಯಲ್ಲಿ ಅಪ್ಪ ಅಮ್ಮನ ಹೆಸರೂ ಇದೆ. ಕೆಲಸ ಬಿಟ್ಟ ಮೇಲೆ ಅದೂ ಹೋಗುತ್ತೆ. ಚಿಕ್ಕವ್ವನಿಗೆ ಸಕ್ಕರೆ ಕಾಯಿಲೆ ಇದೆ. ಮಗ ವಿಯೆಟ್ನಾಂನಲ್ಲಿದ್ದಾಗ ಇಲ್ಲಿ ಆಸ್ಪತ್ರೆ ಸೇರಬೇಕಾದರೆ? ಅವನು ಇದನ್ನ ಯೋಚನೆಯೇ ಮಾಡಿರಲಿಲ್ಲ.

ಎರಡು, ಗ್ರಾಚ್ಯುಟಿ. ಸಾಮಾನ್ಯವಾಗಿ ಐದು ವರ್ಷ ಸತತ ಸೇವೆ ಆಗಿರಬೇಕು. ಆದರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ದುಡ್ಡು. ಇವನು ಹೊಸ್ತಿಲಲ್ಲಿ ನಿಂತು ವಾಪಸ್ ಹೊರಟಿದ್ದ.

ಮೂರು, ವೀಸಾ. ಇಲ್ಲಿ ಒಂದು ತಮಾಷೆ ಇದೆ. ನೀವು ಕೆಲಸ ಬಿಟ್ಟು ಯುರೋಪ್ ನೋಡೋಕೆ ಹೊರಟರೆ, ಷೆಂಗೆನ್ ವೀಸಾ ಕೊಡೋರು ಮೊದಲು ಕೇಳೋದೇ ನಿಮ್ಮ ಕೆಲಸದ ಬಗ್ಗೆ! ಕಂಪನಿಯ ಪತ್ರ ಎಲ್ಲಿ, ಸಂಬಳದ ಚೀಟಿ ಎಲ್ಲಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಿ, ರಜೆ ಮಂಜೂರಾಗಿದೆಯಾ? ಅಂದರೆ ನೀವು ವಾಪಸ್ ಬರ್ತೀರಿ ಅನ್ನೋದಕ್ಕೆ ಸಾಕ್ಷಿ. ಜೊತೆಗೆ 30,000 ಯುರೋ ರಕ್ಷಣೆ ಇರೋ ಪ್ರವಾಸ ವಿಮೆ. ಅದೆಲ್ಲ ಕೊಟ್ಟರೂ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಅರ್ಜಿಯನ್ನ ಆರು ತಿಂಗಳಿಗಿಂತ ಮುಂಚೆ ಹಾಕೋ ಹಾಗೂ ಇಲ್ಲ. ಅಂದರೆ ಒಂದು ವರ್ಷದ ವೀಸಾಗಳನ್ನೆಲ್ಲ ಒಂದೇ ಸಲ ಜೇಬಿಗೆ ಹಾಕಿಕೊಂಡು ಹೊರಡೋದು ಆಗದ ಮಾತು. ಜರ್ಮನಿಯ ಹುಡುಗ ಬೆನ್ನಿಗೆ ಚೀಲ ಹಾಕಿಕೊಂಡು ಹೊರಟ ಹಾಗೆ ನಾಗಮಂಗಲದ ಹುಡುಗ ಹೊರಡೋಕೆ ಆಗಲ್ಲ. ಪಾಸ್‌ಪೋರ್ಟ್ ನೀಲಿಯೋ ಕೆಂಪೋ ಅನ್ನೋದರ ಮೇಲೆ ಲೋಕದ ಬಾಗಿಲು ತೆರೆಯುತ್ತೆ. ಇದು ಅನ್ಯಾಯ, ಆದರೆ ವಾಸ್ತವ.

ಇಷ್ಟೆಲ್ಲ ಆದ ಮೇಲೆ ನಾನು ಕೇಳಿದೆ. "ರಾಜೀನಾಮೆ ಯಾಕೆ? ಸಂಬಳ ಇಲ್ಲದ ರಜೆ ಕೇಳಿದ್ಯಾ?"

"ಕೊಡಲ್ಲ ಅಣ್ಣಾ."

"ಕೇಳಿದ್ಯಾ?"

ಕೇಳಿರಲಿಲ್ಲ! ನಾಲ್ಕು ವರ್ಷ ದುಡಿದ ಜಾಗದಲ್ಲಿ ಬಿಟ್ಟು ಹೋಗೋ ಧೈರ್ಯ ಇದೆ, ಕೇಳೋ ಧೈರ್ಯ ಇಲ್ಲ. ನಗಬೇಡಿ. ನಾವೆಲ್ಲ ಹಾಗೇ. ನಾನಂತೂ ಹಾಗೇ.

ಈಗ ನಾನು ನಿಮಗೆ ಒಂದು ನಿಜವಾದ ಕಥೆ ಹೇಳ್ತೀನಿ. ಬಹಳ ಜನಕ್ಕೆ ಗೊತ್ತಿದೆ, ಆದರೂ ಮತ್ತೆ ಕೇಳಬೇಕು. ಮೈಸೂರಿನ ಡಿ. ಕೃಷ್ಣಕುಮಾರ್. ಬೆಂಗಳೂರಲ್ಲಿ ಕಾರ್ಪೊರೇಟ್ ಕಂಪನಿಯ ಕೆಲಸ. ತಂದೆ ತೀರಿಕೊಂಡ ಮೇಲೆ ಒಂದು ದಿನ ತಾಯಿ ಚೂಡಾರತ್ನ ಅವರ ಜೊತೆ ಮಾತಾಡ್ತಾ, ಅಮ್ಮಾ ಆ ಊರು ನೋಡಿದ್ದೀಯಾ, ಈ ಊರು ನೋಡಿದ್ದೀಯಾ ಅಂತ ಕೇಳಿದರು. ಆ ತಾಯಿ ದೊಡ್ಡ ಕೂಡು ಕುಟುಂಬದಲ್ಲಿ ಬದುಕೆಲ್ಲ ಅಡುಗೆಮನೆಯಲ್ಲಿ ಕಳೆದವರು. ಹತ್ತಿರದ ಊರುಗಳನ್ನೂ ನೋಡಿರಲಿಲ್ಲ. ಮಗ ಕೆಲಸಕ್ಕೆ ರಾಜೀನಾಮೆ ಕೊಟ್ಟರು. 2018ರ ಜನವರಿ 16ರಂದು ತಂದೆ ಕೊಡಿಸಿದ್ದ ಹಳೇ ಬಜಾಜ್ ಚೇತಕ್ ಸ್ಕೂಟರ್‌ನ ಹಿಂದಿನ ಸೀಟಿನಲ್ಲಿ ತಾಯಿಯನ್ನ ಕೂರಿಸಿಕೊಂಡು ಹೊರಟರು. ಹೆಸರು "ಮಾತೃಸೇವಾ ಸಂಕಲ್ಪ ಯಾತ್ರೆ".

ಭಾರತ ಸುತ್ತಿದರು. ನೇಪಾಳ, ಭೂತಾನ್, ಮ್ಯಾನ್ಮಾರ್‌ಗೂ ಹೋದರು. 2019ರಲ್ಲಿ ಉದ್ಯಮಿ ಆನಂದ್ ಮಹೀಂದ್ರ ಈ ವಿಷಯ ಹಂಚಿಕೊಂಡು ಅವರಿಗೆ ಕಾರು ಕೊಡ್ತೀನಿ ಅಂದಾಗ ದೇಶವೆಲ್ಲ ತಿರುಗಿ ನೋಡಿತು. ಲಾಕ್‌ಡೌನ್ ಬಂದಾಗ ಭೂತಾನ್ ಗಡಿಯ ಹತ್ತಿರ ವಾರಗಟ್ಟಲೆ ಸಿಕ್ಕಿಹಾಕಿಕೊಂಡರು. 2020ರಲ್ಲಿ ಮೈಸೂರಿಗೆ ವಾಪಸ್ ಬಂದಾಗ ಆ ಸ್ಕೂಟರ್ 56 ಸಾವಿರ ಕಿಲೋಮೀಟರ್‌ಗೂ ಹೆಚ್ಚು ಓಡಿತ್ತು.

ಎಂಜಿನಿಯರ್ ಬುದ್ಧಿ, ಲೆಕ್ಕ ಹಾಕದೇ ಇರೋಕೆ ಆಗಲ್ಲ. ಭೂಮಿಯ ಸುತ್ತಳತೆ ಸಮಭಾಜಕ ವೃತ್ತದಲ್ಲಿ ಸುಮಾರು 40,075 ಕಿಲೋಮೀಟರ್. ಅಂದರೆ ಎಪ್ಪತ್ತರ ಆಸುಪಾಸಿನ ಆ ಅಮ್ಮ ಚೇತಕ್ ಹಿಂದೆ ಕೂತು ಭೂಮಿಯನ್ನ ಒಂದು ಸುತ್ತು ಮುಗಿಸಿ, ಎರಡನೇ ಸುತ್ತಿನಲ್ಲೂ ಅರ್ಧದ ಹತ್ತಿರಕ್ಕೆ ಬಂದಿದ್ದರು. ಪ್ರಪಂಚ ಸುತ್ತೋದು ಅಂದರೆ ಪ್ಯಾರಿಸ್, ಲಂಡನ್ ಅಂತ ಯಾರು ಹೇಳಿದ್ದು?

ಎಲ್ಲರೂ ಹೀಗೇ ಮಾಡಿ ಅಂತ ನಾನು ಹೇಳ್ತಾ ಇಲ್ಲ. ಕೃಷ್ಣಕುಮಾರ್ ಹದಿಮೂರು ವರ್ಷ ದುಡಿದು ಉಳಿಸಿದ್ದರು, ಮದುವೆಯಾಗಿರಲಿಲ್ಲ. ಚಿಕ್ಕಪ್ಪ ಹೇಳಿದ ಆ ಇನ್ನೊಂದು ಹೊಲ ಅವರಿಗೆ ಇತ್ತು. ಕೆಲಸ ಬಿಡದೆಯೂ ಲೋಕ ನೋಡಿದವರಿದ್ದಾರೆ. ಲೇಖಕಿ ನೇಮಿಚಂದ್ರ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದುಕೊಂಡೇ ಗೆಳತಿಯ ಜೊತೆ ದಕ್ಷಿಣ ಅಮೆರಿಕಕ್ಕೆ ಹೋಗಿಬಂದರು. "ಪೆರುವಿನ ಪವಿತ್ರ ಕಣಿವೆಯಲ್ಲಿ" ಪುಸ್ತಕ ಓದಿದವರಿಗೆ ಗೊತ್ತು. ಕೊಚ್ಚಿಯಲ್ಲಿ ಚಹಾ ಅಂಗಡಿ ಇಟ್ಟಿದ್ದ ವಿಜಯನ್, ಮೋಹನಾ ದಂಪತಿ ದಿನದ ಗಲ್ಲಾದಲ್ಲಿ ಒಂದಿಷ್ಟು ಎತ್ತಿಟ್ಟು, ಸಾಲ ಮಾಡಿ, ತೀರಿಸಿ, ಮತ್ತೆ ಸಾಲ ಮಾಡಿ 25ಕ್ಕೂ ಹೆಚ್ಚು ದೇಶ ನೋಡಿದರು. ಅಂಗಡಿ ಮುಚ್ಚಲಿಲ್ಲ. ಹೋಗಿ ಬಂದು ಮತ್ತೆ ಚಹಾ ಕಾಯಿಸಿದರು.

ನಮ್ಮ ಪಕ್ಕದ ತಾಲ್ಲೂಕಿನವರೇ ಒಬ್ಬರಿದ್ದಾರೆ. ಕೆ.ಆರ್. ಪೇಟೆಯ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು. 1900ರಲ್ಲಿ ಹುಟ್ಟಿದವರು. ಅವರ ಪ್ರವಾಸ ಕಥನದ ಹೆಸರೇ "ಅಪರವಯಸ್ಕನ ಅಮೆರಿಕಾ ಯಾತ್ರೆ". ಎಪ್ಪತ್ತು ದಾಟಿದ ಮೇಲೆ ಮಾಡಿದ ಯಾತ್ರೆ. ಅವರು 103 ವರ್ಷ ಬದುಕಿದರು, ಅವರಿಗೆ ಕಾಯೋದು ನಡೀತು. ನಮಗೂ ನಿಮಗೂ ಆ ಗ್ಯಾರಂಟಿ ಯಾರು ಕೊಟ್ಟಿದ್ದಾರೆ ಸ್ವಾಮಿ?

ಇದನ್ನ ನಾನು ಯಾಕೆ ಕೇಳ್ತಾ ಇದ್ದೀನಿ ಅಂದರೆ, ನಮ್ಮಪ್ಪನಿಗೆ ಒಂದೇ ಒಂದು ಆಸೆ ಇತ್ತು. ಕಾಶಿ. ರಿಟೈರ್ ಆದ ಮೇಲೆ ಹೋಗೋಣ ಅಂದಿದ್ದರು. ರಿಟೈರ್ ಆದರು. 2018ರಲ್ಲಿ ಕರ್ಕೊಂಡು ಹೋಗ್ತೀನಿ ಅಂದೆ. ವಿಧಾನಸಭೆ ಚುನಾವಣೆ ಬಂತು, ರಜೆ ಇಲ್ಲ. 2019ಕ್ಕೆ ಹೋಗೋಣ ಅಂದೆ. ಲೋಕಸಭೆ ಚುನಾವಣೆ. ಅದರಲ್ಲೂ ಮಂಡ್ಯ! ಇಡೀ ದೇಶದ ಕ್ಯಾಮೆರಾ ಮಂಡ್ಯದಲ್ಲಿದ್ದಾಗ ಮಂಡ್ಯದ ಆ್ಯಂಕರ್ ಕಾಶಿಯಲ್ಲಿರೋಕೆ ಆಗುತ್ತಾ? "ಮುಂದಿನ ವರ್ಷ ಖಂಡಿತ ಅಪ್ಪಾ" ಅಂದೆ. ಮುಂದಿನ ವರ್ಷ 2020. ಏನಾಯ್ತು ಅಂತ ನಿಮಗೇ ಗೊತ್ತು. 2021ರಲ್ಲಿ ಅಪ್ಪ ಹೋದರು.

2022ರ ನವೆಂಬರ್ 11ರಂದು ಬೆಂಗಳೂರಿಂದ ಕಾಶಿಗೆ ಭಾರತ್ ಗೌರವ್ ರೈಲು ಹೊರಟಿತು. ರಾಜ್ಯ ಸರ್ಕಾರದಿಂದ ಯಾತ್ರಿಗಳಿಗೆ ತಲಾ 5,000 ರೂಪಾಯಿ ಸಹಾಯಧನ. ಪ್ರಧಾನಿ ಹಸಿರು ಬಾವುಟ ತೋರಿಸಿದರು. ಆ ಸುದ್ದಿಯನ್ನ ಇದೇ ಕುರ್ಚಿಯಲ್ಲಿ ಕೂತು ನಾನೇ ಓದಿದೆ. ರೈಲಿನ ಕಿಟಕಿಯಲ್ಲಿ ಮಫ್ಲರ್ ಸುತ್ತಿಕೊಂಡು ಕೂತಿದ್ದ ವಯಸ್ಸಾದವರೊಬ್ಬರನ್ನ ಕ್ಯಾಮೆರಾ ತೋರಿಸಿತು. ನಾನು ಮುಂದಿನ ಸುದ್ದಿಗೆ ಹೋದೆ. ಹೋಗಲೇಬೇಕಲ್ಲ.

ಹಾಗಾಗಿ ಆವತ್ತು ಆ ಜಗಲಿಯಲ್ಲಿ ಕೂತು "ಇನ್ನೂ ವಯಸ್ಸಿದೆ, ಆಮೇಲೆ ಹೋಗಬಹುದು ಬಿಡೋ" ಅಂತ ತಮ್ಮನಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಚಿಕ್ಕವ್ವ ಮುದ್ದೆ, ಉಪ್ಸಾರು ಬಡಿಸೋಕೆ ಬಂದರು. ಅಲ್ಲಿವರೆಗೆ ಅವರನ್ನ ಯಾರೂ ಏನೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. "ಚಿಕ್ಕವ್ವಾ, ನೀವು ಎಲ್ಲೆಲ್ಲಿಗೆ ಹೋಗಿದ್ದೀರಿ?" ಅಂದೆ.

"ನಾನಾ? ವೈರಮುಡಿಗೆ ಮೇಲುಕೋಟೆ. ಚುಂಚನಗಿರಿ. ಧರ್ಮಸ್ಥಳ ಒಂದ್ಸಲ. ತಿರುಪ್ತಿ ಒಂದ್ಸಲ. ನಿನ್ ಮದ್ವೆಗೆ ಬೆಂಗ್ಳೂರು."

"ಸಮುದ್ರ?"

"ಟಿವಿಲಿ ನೋಡಿವ್ನಿ."

ಗಂಡ 19 ವರ್ಷ ಇದ್ದದ್ದು ಬಾಂಬೆಯಲ್ಲಿ. ಹೆಂಡತಿ ಸಮುದ್ರ ನೋಡಿದ್ದು ಟಿವಿಯಲ್ಲಿ. ಮಗ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡಿದ್ದ.

ಸರಿ, ಮುಂದೇನಾಯ್ತು ಅಂತ ಹೇಳಿ ಮುಗಿಸ್ತೀನಿ. ಹುಡುಗ ಸೋಮವಾರ ಆಫೀಸಿಗೆ ಹೋಗಿ ಕೇಳಿದ. ಒಂದು ವರ್ಷ ಸಿಗಲಿಲ್ಲ. ಆರು ತಿಂಗಳು ಸಂಬಳವಿಲ್ಲದ ರಜೆ ಸಿಕ್ಕಿತು. ಕೆಲಸ ಉಳಿಯಿತು, ಅಪ್ಪ ಅಮ್ಮನ ವಿಮೆಯೂ ಉಳಿಯಿತು. 11 ಲಕ್ಷದಲ್ಲಿ 4 ಲಕ್ಷ ಚಿಕ್ಕವ್ವನ ಹೆಸರಲ್ಲಿ ಬ್ಯಾಂಕಿಗೆ ಹಾಕಿದ. ಅದು ಉಣ್ಣೋ ಹೊಲ. ಉಳಿದಿದ್ದರಲ್ಲಿ ಆರು ತಿಂಗಳು. ಎಲ್ಲರಿಗೂ ಕಂಪನಿ ಹೀಗೆ ಕೊಡುತ್ತೆ ಅಂತ ನಾನು ಹೇಳಲ್ಲ. ಕೇಳಿ ಇಲ್ಲ ಅನ್ನಿಸಿಕೊಳ್ಳಿ. ಕೇಳದೇ ಇಲ್ಲ ಅಂದುಕೊಳ್ಳಬೇಡಿ.

ಪ್ರಯಾಣದ ಮೊದಲನೇ ದಿನ ಅವನು ಏರ್‌ಪೋರ್ಟಿಗೆ ಹೋಗಲಿಲ್ಲ. ಅಪ್ಪ ಅಮ್ಮನನ್ನ ಕರ್ಕೊಂಡು ಮುರುಡೇಶ್ವರಕ್ಕೆ ಹೋದ. ಅಲ್ಲಿಂದ ನನಗೆ ಒಂದು ವಿಡಿಯೋ ಕಳಿಸಿದ್ದ. ಚಿಕ್ಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲೆ ಬಂದಾಗೆಲ್ಲ ಹಿಂದಕ್ಕೆ ಓಡ್ತಾ ಇದ್ದಾರೆ, ಮತ್ತೆ ಮುಂದಕ್ಕೆ ಬರ್ತಾ ಇದ್ದಾರೆ. ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ನೀರಲ್ಲಿ ಸುಮ್ಮನೆ ನಿಂತಿದ್ದಾರೆ.

ರಾತ್ರಿ ಫೋನ್ ಮಾಡಿದೆ. "ಹೆಂಗಿತ್ತು ಚಿಕ್ಕಪ್ಪಾ?"

"ಏನಿಲ್ಲ ಕಣ್ಲಾ. ಬಾಂಬೆಲೂ ಇದೇ ನೀರಿತ್ತು. ನೋಡಕ್ಕೆ ಪುರ್ಸೊತ್ತು ಇರ್ಲಿಲ್ಲ."

ಅಷ್ಟು ಹೇಳಿ ಫೋನ್ ಇಟ್ಟುಬಿಟ್ಟರು.

ನಾನೂ ಮರುದಿನ ನಮ್ಮ ಆಫೀಸಲ್ಲಿ ಕೇಳಿದೆ. ವರ್ಷ ಅಲ್ಲ, ಆರು ತಿಂಗಳೂ ಅಲ್ಲ, ಹತ್ತು ದಿನ. ಮುಂದಿನ ವಾರ ಅವ್ವನ ಜೊತೆ ಕಾಶಿಗೆ ಹೋಗ್ತಾ ಇದ್ದೀನಿ. ಅಪ್ಪನ ಫೋಟೋ ಅವ್ವ ಈಗಲೇ ಚೀಲದಲ್ಲಿ ಇಟ್ಟುಕೊಂಡಿದ್ದಾರಂತೆ. ಆ ಹತ್ತು ದಿನ ಈ ಕುರ್ಚಿಯಲ್ಲಿ ಬೇರೆಯವರು ಇರ್ತಾರೆ, ಸುದ್ದಿ ನಿಮಗೆ ಬಂದೇ ಬರುತ್ತೆ. ನಾನಿಲ್ಲದಿದ್ದರೆ ನಡೆಯಲ್ಲ ಅಂತ ಮೂರು ವರ್ಷ ಅಂದುಕೊಂಡಿದ್ದೆ ನೋಡಿ, ಅದು ಸುಳ್ಳು ಅಂತ ನಿಮಗೂ ಗೊತ್ತಾಗಲಿ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮನೆಯಲ್ಲಿ ಬಡಿಸೋರನ್ನ ಒಂದು ಮಾತು ಕೇಳಿ, ಎಲ್ಲಿಗಾದ್ರೂ ಹೋಗಬೇಕು ಅಂತ ಇತ್ತಾ ಅಂತ.